ಕನ್ನಡಕ್ಕೆ ಬಾರದ ಒಂದು ‘ಅಲ್ಲ’

ಪ್ರಶ್ನೆ ಪತ್ರಿಕೆಯ 37ನೇ ಪ್ರಶ್ನೆ ಸಂವಿಧಾನದ 73ನೇ ತಿದ್ದುಪಡಿಯನ್ನು ಕುರಿತದ್ದಾಗಿತ್ತು. ಮೂರು ಹೇಳಿಕೆಗಳಿದ್ದವು. ಈ ತಿದ್ದುಪಡಿಯಿಂದ ಸಂವಿಧಾನಕ್ಕೆ ಒಂಬತ್ತನೇ ಭಾಗ ಸೇರಿತು ಎಂಬುದು ಒಂದು. ಹನ್ನೊಂದನೇ ಅನುಸೂಚಿ ಸೇರಿ ಅದರಲ್ಲಿ 29 ವಿಷಯಗಳನ್ನು ಪಂಚಾಯಿತಿಗಳಿಗಾಗಿ ಪಟ್ಟಿ ಮಾಡಲಾಯಿತು ಎಂಬುದು ಎರಡು. ಪಂಚಾಯಿತಿ ಚುನಾವಣೆಗೆ ನಿಲ್ಲಲು ಕನಿಷ್ಠ 25 ವರ್ಷ ತುಂಬಿರಬೇಕು ಎಂಬುದು ಮೂರು. ಇವುಗಳ ಕೆಳಗೆ, ‘ಮೇಲಿನ ಹೇಳಿಕೆಗಳಲ್ಲಿ ಯಾವುದು/ಯಾವುವು ಸರಿಯಾಗಿವೆ?’ ಎಂದು ಕನ್ನಡದಲ್ಲಿ ಕೇಳಿದ್ದರು. ನನ್ನ ಅವ್ವ ಒಂದು ಅವಧಿಗೆ ಗ್ರಾಮ ಪಂಚಾಯಿತಿ ಸದಸ್ಯೆಯಾಗಿದ್ದವಳು. ಚುನಾವಣೆಗೆ ನಿಲ್ಲಲು 21 ವರ್ಷ ಸಾಕು ಎಂಬುದನ್ನು ನಾನು ಪುಸ್ತಕದಲ್ಲಿ ಓದುವುದಕ್ಕೆ ಮೊದಲೇ ಮನೆಯಲ್ಲಿ ಕೇಳಿ ತಿಳಿದಿದ್ದೆ. ಮೂರನೆಯ ಹೇಳಿಕೆ ತಪ್ಪು, ಮೊದಲೆರಡು ಸರಿ. ನಾಲ್ಕನೆಯ ಆಯ್ಕೆ ‘1 ಮತ್ತು 2 ಮಾತ್ರ’ ಎಂದೇ ಇತ್ತು. ಅದನ್ನು ತುಂಬಿ ಮುಂದಿನ ಪ್ರಶ್ನೆಗೆ ಹೋದೆ.

ಅದೇ ಪ್ರಶ್ನೆಯ ಇಂಗ್ಲಿಷ್ ಪಾಠದಲ್ಲಿ ‘ನಾಟ್’ ಎಂಬ ಪದವಿತ್ತು. ಯಾವ ಹೇಳಿಕೆ ಸರಿಯಲ್ಲ ಎಂದು ಅಲ್ಲಿ ಕೇಳಲಾಗಿತ್ತು, ಮತ್ತು ಅದಕ್ಕೆ ಉತ್ತರ ‘3 ಮಾತ್ರ’. ಆ ಆಯ್ಕೆಯೂ ಪಟ್ಟಿಯಲ್ಲಿತ್ತು. ಕನ್ನಡದಲ್ಲಿ ಓದಿದವರಿಗೂ ಇಂಗ್ಲಿಷಿನಲ್ಲಿ ಓದಿದವರಿಗೂ ಅವರವರ ಉತ್ತರ ಕಣ್ಣೆದುರಿಗೇ ಸಿಗುತ್ತಿದ್ದುದರಿಂದ, ಪ್ರಶ್ನೆಯಲ್ಲಿ ಏನೋ ಎಡವಟ್ಟಾಗಿದೆ ಎಂಬ ಅನುಮಾನಕ್ಕೂ ಆಸ್ಪದವಿರಲಿಲ್ಲ. ವಿಷಯ ಗೊತ್ತಿಲ್ಲದವರು ಕಣ್ಣುಮುಚ್ಚಿ ಯಾವುದೋ ಒಂದನ್ನು ತುಂಬಿ ಅಂಕ ಪಡೆದಿರಬಹುದು. ವಿಷಯ ಚೆನ್ನಾಗಿ ಗೊತ್ತಿದ್ದ ಕನ್ನಡದ ಅಭ್ಯರ್ಥಿ ಮಾತ್ರ ಖಂಡಿತವಾಗಿ ಅಂಕ ಕಳೆದುಕೊಂಡರು.

ನಾನು ಬರೆದದ್ದು ಯಾವ ಪರೀಕ್ಷೆ, ನಡೆಸಿದ ಸಂಸ್ಥೆ ಯಾವುದು ಎಂಬುದನ್ನು ಇಲ್ಲಿ ಹೇಳುವುದಿಲ್ಲ. ನನ್ನೊಡನೆ ಬರೆದವರಲ್ಲಿ ಕೆಲವರ ಪ್ರಕರಣಗಳು ಇನ್ನೂ ನಡೆಯುತ್ತಿವೆ. ರಾಜ್ಯ ಸರ್ಕಾರದ ಹುದ್ದೆಗಳಿಗೆ ನಡೆದ ಒಂದು ಸ್ಪರ್ಧಾತ್ಮಕ ಪರೀಕ್ಷೆ ಎಂದರೆ ಸಾಕು.

ನನ್ನ ಊರು ಕೊಪ್ಪಳ ಜಿಲ್ಲೆಯ ಯಲಬುರ್ಗಾ ತಾಲ್ಲೂಕಿನಲ್ಲಿದೆ. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆ, ಅನಂತರ ಕಲಾ ವಿಭಾಗದಲ್ಲಿ ಪದವಿ. ಪದವಿ ಮುಗಿದ ಮೇಲೆ ಓದುವುದಕ್ಕೆಂದು ಧಾರವಾಡಕ್ಕೆ ಬಂದೆ. ಸಪ್ತಾಪುರದ ಓಣಿಗಳಲ್ಲಿ ಒಂದೊಂದು ಕೋಣೆಯಲ್ಲಿ ಮೂರು ಮೂರು ಜನ ಇದ್ದುಕೊಂಡು, ದಿನಕ್ಕೆ ಹತ್ತು ಹನ್ನೆರಡು ತಾಸು ವಾಚನಾಲಯದಲ್ಲಿ ಕೂತು ಓದುವವರ ಬದುಕು ಹೇಗಿರುತ್ತದೆ ಎಂಬುದು ಉತ್ತರ ಕರ್ನಾಟಕದ ಸಾವಿರಾರು ಮನೆಗಳಿಗೆ ಗೊತ್ತು, ಅದನ್ನು ವಿಸ್ತರಿಸುವುದಿಲ್ಲ. ಅರ್ಜಿ ಹಾಕುವಾಗ ಗ್ರಾಮೀಣ ಪ್ರಮಾಣಪತ್ರ, ಕಲ್ಯಾಣ ಕರ್ನಾಟಕದವರೆಂಬ 371(ಜೆ) ಪ್ರಮಾಣಪತ್ರ, ಕನ್ನಡ ಮಾಧ್ಯಮ ಪ್ರಮಾಣಪತ್ರ ಎಂದು ಒಂದೊಂದಕ್ಕೂ ಊರಿಗೆ ಹೋಗಿಬರಬೇಕಾಯಿತು. ನಮ್ಮ ಶಾಲೆಯ ಮುಖ್ಯೋಪಾಧ್ಯಾಯರು ಹಳೆಯ ದಾಖಲಾತಿ ಪುಸ್ತಕ ತೆಗೆದು, ನನ್ನ ಹೆಸರಿನ ಸಾಲಿನ ಮೇಲೆ ಬೆರಳಿಟ್ಟು, ‘ಕನ್ನಡ ಮಾಧ್ಯಮದಾಗ ಓದೀನಿ ಅಂತ ಹೇಳಿಕೊಳ್ಳಾಕ ಒಂದು ಲಾಭ ಅಂದ್ರ ಇದೊಂದ ನೋಡವಾ’ ಎಂದು ಸಹಿ ಹಾಕಿಕೊಟ್ಟರು. ರಾಜ್ಯದ ನೇಮಕಾತಿಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5ರಷ್ಟು ಹುದ್ದೆಗಳನ್ನು ಮೀಸಲಿಡುವ ನಿಯಮವನ್ನು ಕುರಿತು ಅವರು ಆ ಮಾತು ಹೇಳಿದ್ದು. ಆ ನಿಯಮದ ಹಿಂದೆ ಒಳ್ಳೆಯ ಉದ್ದೇಶವಿದೆ. ಆದರೆ ಕನ್ನಡದಲ್ಲಿ ಓದಿಬಂದವರಿಗೆ ಮೀಸಲಾತಿ ಕೊಡುವ ವ್ಯವಸ್ಥೆಯು ಅವರ ಕೈಗೆ ಸರಿಯಾದ ಕನ್ನಡದ ಪ್ರಶ್ನೆ ಪತ್ರಿಕೆಯನ್ನು ಕೊಡುವ ಹೊಣೆಯನ್ನು ಅಷ್ಟೇ ಗಂಭೀರವಾಗಿ ಹೊತ್ತುಕೊಂಡಿಲ್ಲ ಎಂಬುದು ನನಗೆ ಆಮೇಲೆ ಅರ್ಥವಾಯಿತು.

ಪರೀಕ್ಷೆಗೆ ಇನ್ನೂ ಎರಡು ತಿಂಗಳಿರುವಾಗ ಒಬ್ಬ ಮಧ್ಯವರ್ತಿಯ ಸುದ್ದಿ ನಮ್ಮ ವಾಚನಾಲಯದೊಳಗೂ ಬಂತು. ಆ ಮನುಷ್ಯನನ್ನು ನಾನು ಒಮ್ಮೆ ಮಾತ್ರ ನೋಡಿದ್ದೇನೆ, ಅದೂ ರಸ್ತೆಯ ಆಚೆಯಿಂದ. ಲೆಕ್ಕ ಸರಳವಾಗಿತ್ತು: ಅರ್ಧ ಹಣ ಮೊದಲು, ಉಳಿದರ್ಧ ಆಯ್ಕೆ ಪಟ್ಟಿ ಬಂದ ಮೇಲೆ; ಅಲ್ಲಿಯವರೆಗೆ ಭದ್ರತೆಗೆಂದು ಮೂಲ ಅಂಕಪಟ್ಟಿಗಳು ಮತ್ತು ಸಹಿ ಮಾಡಿದ ಖಾಲಿ ಚೆಕ್ಕು ಅವನ ಬಳಿ ಇರಬೇಕು; ಉತ್ತರದ ವೃತ್ತಗಳಿರುವ ಓಎಂಆರ್ ಹಾಳೆಯಲ್ಲಿ ಗೊತ್ತಿದ್ದಷ್ಟನ್ನೇ ತುಂಬಿ, ಉಳಿದದ್ದನ್ನು ಆಮೇಲೆ ಅವರ ಕಡೆಯವರು ತುಂಬಲೆಂದು ಖಾಲಿ ಬಿಡಬೇಕು. ಈ ಸುದ್ದಿ ಹೇಗೋ ನಮ್ಮೂರಿಗೂ ಮುಟ್ಟಿ, ಒಂದು ರಾತ್ರಿ ಅಪ್ಪ ಫೋನ್ ಮಾಡಿದ. ಬಹಳ ಹೊತ್ತು ಮಳೆಯ ಮಾತು, ಎತ್ತಿನ ಮಾತು ಆಡಿ, ಕೊನೆಗೆ, ‘ಯವ್ವಾ, ಕೆರಿ ಕಡೀ ಎರಡು ಎಕರೆ ಕೊಟ್ಟುಬಿಡೂಣೇನು? ನೌಕರಿ ಆತಂದ್ರ ಹೊಲ ಮತ್ತ ತಗೊಳ್ಳಾಕ ಬರ್ತೈತಿ’ ಎಂದ. ಅವನು ಲಂಚ ಕೊಡುವ ಮನುಷ್ಯನಲ್ಲ. ನಾಲ್ಕು ವರ್ಷ ಮಗಳು ಓದುವುದನ್ನು ನೋಡಿ, ಓದಿನಿಂದಷ್ಟೇ ಇದು ಆಗುವುದಿಲ್ಲವೇನೋ ಎಂಬ ತೀರ್ಮಾನಕ್ಕೆ ಅವನು ಬಂದಿದ್ದ. ಭ್ರಷ್ಟಾಚಾರ ಮಾಡುವ ಅತಿ ದೊಡ್ಡ ಹಾನಿ ಇದೇ ಎಂದು ನನಗೆ ಅನ್ನಿಸುತ್ತದೆ. ಹಣ ಕೊಟ್ಟವರು ಹುದ್ದೆ ಪಡೆಯುವುದಕ್ಕಿಂತ ಮೊದಲೇ, ಕೊಡದವರ ಮನೆಯಲ್ಲಿ ಓದಿನ ಮೇಲಿನ ನಂಬಿಕೆ ಸಾಯುತ್ತದೆ. ‘ಬ್ಯಾಡಪ್ಪಾ, ಆ ಮಾತು ಮತ್ತೊಮ್ಮೆ ಆಡಬ್ಯಾಡ’ ಎಂದು ಫೋನ್ ಇಟ್ಟೆ. ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಅಪ್ಪನ ಭಯಕ್ಕೆ ಆಧಾರವಿರಲಿಲ್ಲ ಎನ್ನಲಾಗದು. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ನಡೆದ ಪರೀಕ್ಷೆಯನ್ನು ಐವತ್ತು ಸಾವಿರಕ್ಕೂ ಹೆಚ್ಚು ಜನ ಬರೆದಿದ್ದರು. ಅವರಲ್ಲಿ ನಮ್ಮ ವಾಚನಾಲಯದ ಅಣ್ಣಂದಿರೂ ಇದ್ದರು. ಅಭ್ಯರ್ಥಿಯ ಬಳಿ ಉಳಿದ ಕಾರ್ಬನ್ ಪ್ರತಿಗೂ ಮೌಲ್ಯಮಾಪನವಾದ ಮೂಲ ಓಎಂಆರ್ ಹಾಳೆಗೂ ತಾಳೆಯಾಗದೆ ಹಗರಣ ಬಯಲಾಯಿತು. 2022ರ ಏಪ್ರಿಲ್‌ನಲ್ಲಿ ಸರ್ಕಾರ ಆ ನೇಮಕಾತಿ ಪರೀಕ್ಷೆಯನ್ನೇ ರದ್ದು ಮಾಡಿತು, ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯ ಪೊಲೀಸ್ ಅಧಿಕಾರಿಯೇ ಆ ವರ್ಷ ಜುಲೈನಲ್ಲಿ ಬಂಧನಕ್ಕೊಳಗಾದರು, ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ಅಕ್ರಮ ಮಾಡಿದವರಿಗೂ ಮಾಡದವರಿಗೂ ನಡುವೆ ಕಳೆದುಹೋದ ಕಾಲ ಒಂದೇ. ಪ್ರಾಮಾಣಿಕವಾಗಿ ತೇರ್ಗಡೆಯಾಗಿ, ಊರಿನಲ್ಲಿ ಸನ್ಮಾನ ಮಾಡಿಸಿಕೊಂಡು, ಆಮೇಲೆ ಮತ್ತೆ ಅದೇ ಕುರ್ಚಿಗೆ ಬಂದು ಪುಸ್ತಕ ತೆರೆದ ಒಬ್ಬ ಅಣ್ಣನ ಮುಖವನ್ನು ನಾವೆಲ್ಲ ದಿನವೂ ನೋಡುತ್ತಿದ್ದೆವು. 2023ರ ಅಕ್ಟೋಬರ್‌ನಲ್ಲಿ ನಿಗಮ ಮಂಡಳಿಗಳ ಹುದ್ದೆಗಳಿಗೆ ನಡೆದ ಪರೀಕ್ಷೆಯಲ್ಲಿ ಕಲಬುರಗಿ ಮತ್ತು ಯಾದಗಿರಿಯಲ್ಲಿ ಬ್ಲೂಟೂತ್ ಸಾಧನಗಳು ಸಿಕ್ಕಿಬಿದ್ದ ಮೇಲಂತೂ ತಪಾಸಣೆ ಬಿಗಿಯಾಯಿತು. ತುಂಬುತೋಳಿನ ಅಂಗಿ ಬೇಡ, ಬೂಟು ಬೇಡ ಎಂಬ ಸೂಚನೆಗಳು ಬಂದವು.

ನಮ್ಮ ಪರೀಕ್ಷೆಯ ದಿನವೂ ಹಾಗೆಯೇ ಇತ್ತು. ಬೆಳಿಗ್ಗೆ ಗೇಟಿನ ಹತ್ತಿರ ಲೋಹ ಶೋಧಕ, ಕಿವಿಯೊಳಕ್ಕೆ ಟಾರ್ಚ್ ಬೆಳಕು, ಕೂದಲಿನ ಕ್ಲಿಪ್ಪು ತೆಗೆಸಿದರು. ನಾನು ಅದಕ್ಕೆ ಬೇಸರಪಡಲಿಲ್ಲ, ಸಮಾಧಾನಪಟ್ಟೆ. ಇಷ್ಟು ಬಿಗಿಯಾಗಿ ನೋಡುತ್ತಿದ್ದಾರೆ ಎಂದರೆ ನನ್ನ ಓದಿಗೆ ಬೆಲೆ ಇದೆ ಎಂದುಕೊಂಡು ಒಳಗೆ ಹೋದೆ. ಪ್ರಶ್ನೆ ಪತ್ರಿಕೆಯ ಮೊಹರನ್ನು ಇಬ್ಬರು ಅಭ್ಯರ್ಥಿಗಳಿಗೆ ತೋರಿಸಿ, ಅವರ ಸಹಿ ಪಡೆದು, ಎಲ್ಲರೆದುರಿಗೆ ಒಡೆದರು.

ನೂರು ಪ್ರಶ್ನೆ, ಎರಡು ತಾಸು. ಒಂದು ಪ್ರಶ್ನೆಗೆ 72 ಸೆಕೆಂಡು. ಸರಿಯುತ್ತರಕ್ಕೆ ಎರಡು ಅಂಕ, ತಪ್ಪಿಗೆ ಅರ್ಧ ಅಂಕ ಕಡಿತ. ಮೊದಲ ಪುಟದ ಸೂಚನೆಗಳಲ್ಲಿ, ಕನ್ನಡ ಮತ್ತು ಇಂಗ್ಲಿಷ್ ಪಾಠಗಳ ನಡುವೆ ವ್ಯತ್ಯಾಸ ಕಂಡುಬಂದರೆ ಇಂಗ್ಲಿಷ್ ಪಾಠವೇ ಅಂತಿಮ ಎಂದಿತ್ತು. ಇಂಥ ಸಾಲು ನಮಗೆ ಹೊಸದಲ್ಲ. ಹದಿಮೂರು ಭಾಷೆಗಳಲ್ಲಿ ನಡೆಯುವ ನೀಟ್ ಪರೀಕ್ಷೆಯಲ್ಲೂ ಅನುವಾದದಲ್ಲಿ ಸಂದೇಹ ಬಂದರೆ ಇಂಗ್ಲಿಷೇ ಅಂತಿಮ ಎಂಬ ನಿಯಮವಿದೆ. ಕೋಣೆಯಲ್ಲಿ ಕೂತಾಗ ಆ ಸಾಲಿನ ಅರ್ಥ ಬೇರೆಯೇ ಆಗುತ್ತದೆ. ಇಂಗ್ಲಿಷಿನಲ್ಲಿ ಓದುವವರಿಗೆ 72 ಸೆಕೆಂಡು ಪೂರ್ತಿ ಸಿಗುತ್ತದೆ. ಕನ್ನಡದಲ್ಲಿ ಓದುವವರು ಒಮ್ಮೆ ಕನ್ನಡ ಓದಬೇಕು, ಸಂಶಯ ಬಂದರೆ ಇಂಗ್ಲಿಷ್ ಓದಬೇಕು, ಎರಡನ್ನೂ ಹೋಲಿಸಬೇಕು, ಆಮೇಲೆ ಉತ್ತರ ಯೋಚಿಸಬೇಕು. ಸಂಶಯ ಬರದಿದ್ದರೆ, 37ನೇ ಪ್ರಶ್ನೆಯಲ್ಲಿ ಆದಂತೆ, ಹೋಲಿಸುವ ಮಾತೇ ಇಲ್ಲ.

ಕೆಲವು ತಪ್ಪುಗಳು ನೋಡಿದ ಕೂಡಲೇ ತಿಳಿಯುವಂತಿದ್ದವು. ಕೈಗಾದ ಅಣುಸ್ಥಾವರವನ್ನು ‘ಪರಮಾಣು ಸಸ್ಯ’ ಎಂದು ಬರೆದಿದ್ದನ್ನು ಯಾರಾದರೂ ಸರಿಪಡಿಸಿಕೊಂಡು ಓದಿಯಾರು. ಸಂಚಿತ ನಿಧಿ ಎಂದು ಪಠ್ಯಪುಸ್ತಕಗಳಲ್ಲಿ ಓದಿದ್ದನ್ನು ಅಲ್ಲಿ ‘ಏಕೀಕೃತ ನಿಧಿ’ ಎಂದಿದ್ದರು. ಅದಕ್ಕೂ ಇಂಗ್ಲಿಷ್ ನೋಡಿ ದಾರಿ ಕಂಡುಕೊಂಡೆ. ಅಪಾಯವಿದ್ದದ್ದು ಕನ್ನಡದಲ್ಲಿ ಚೆನ್ನಾಗಿಯೇ ಅರ್ಥವಾಗುವ, ಆದರೆ ಬೇರೆ ಅರ್ಥವಾಗುವ ವಾಕ್ಯಗಳಲ್ಲಿ. ಪರಿಸರ ವಿಜ್ಞಾನದ ಒಂದು ಪ್ರಶ್ನೆಯಲ್ಲಿ, ‘ನಿಂತ ಬೆಳೆಯನ್ನು ಯಾವುದರಿಂದ ಅಳೆಯಲಾಗುತ್ತದೆ?’ ಎಂದು ಕೇಳಿದ್ದರು. ನಿಂತ ಬೆಳೆ ಎಂದರೆ ಹೊಲದಲ್ಲಿ ಕೊಯ್ಲಿಗೆ ನಿಂತ ಜೋಳವೋ ಕಡಲೆಯೋ ಎಂದು ಒಕ್ಕಲುತನದ ಮನೆಯಲ್ಲಿ ಹುಟ್ಟಿದ ಯಾರಿಗೂ ಗೊತ್ತು. ಆಯ್ಕೆಗಳಲ್ಲಿ ‘ಎಕರೆವಾರು ಇಳುವರಿ’ ಇತ್ತು, ಅದನ್ನು ತುಂಬಿದೆ. ಮೂಲದಲ್ಲಿದ್ದದ್ದು ‘ಸ್ಟ್ಯಾಂಡಿಂಗ್ ಕ್ರಾಪ್’ ಎಂಬ ಪಾರಿಭಾಷಿಕ ಪದ: ಒಂದು ಪರಿಸರ ವ್ಯವಸ್ಥೆಯಲ್ಲಿ ಒಂದು ನಿರ್ದಿಷ್ಟ ಹೊತ್ತಿಗೆ ಇರುವ ಜೀವಿಗಳ ಒಟ್ಟು ಪ್ರಮಾಣ. ಅದನ್ನು ಅಳೆಯುವುದು ಜೀವರಾಶಿಯಿಂದ ಅಥವಾ ಜೀವಿಗಳ ಸಂಖ್ಯೆಯಿಂದ. ಆ ವಿಷಯವೂ ನನಗೆ ಗೊತ್ತಿತ್ತು. ನನಗೆ ಗೊತ್ತಿದ್ದದ್ದನ್ನು ಯಾರೂ ನನ್ನನ್ನು ಕೇಳಲಿಲ್ಲ.

ಹೊರಗೆ ಬಂದು, ಗೋಡೆಗೆ ಒರಗಿ ಕೂತು, ನಾನೂ ನನ್ನ ಕೋಣೆಯ ಗೆಳತಿಯೂ ಎರಡೂ ಪಾಠಗಳನ್ನು ಸಾಲು ಸಾಲಾಗಿ ಹೋಲಿಸಿದೆವು. ಹನ್ನೊಂದು ಪ್ರಶ್ನೆಗಳಲ್ಲಿ ಅರ್ಥ ಕೆಡುವಂಥ ವ್ಯತ್ಯಾಸ ಕಂಡಿತು. 37ಕ್ಕೆ ಬಂದಾಗ ಅವಳು ಸುಮ್ಮನೆ ಇಂಗ್ಲಿಷಿನ ಆ ಒಂದು ಪದದ ಕೆಳಗೆ ಉಗುರಿನಿಂದ ಗೆರೆ ಎಳೆದು ನನ್ನ ಕಡೆ ನೋಡಿದಳು.

ತಾತ್ಕಾಲಿಕ ಕೀ ಉತ್ತರಗಳು ಬಂದಾಗ ಆಕ್ಷೇಪಣೆಗೆ ಏಳು ದಿನ ಕೊಟ್ಟರು. ಪ್ರಶ್ನೆಯೊಂದಕ್ಕೆ 50 ರೂಪಾಯಿ ಶುಲ್ಕ. ಹನ್ನೊಂದಕ್ಕೂ ಕಟ್ಟುವ ಮನಸ್ಸಿತ್ತು, ತಿಂಗಳ ಕೊನೆಯಾಗಿದ್ದರಿಂದ ಏಳಕ್ಕೆ 350 ರೂಪಾಯಿ ಕಟ್ಟಿದೆ. ನಮೂನೆಯಲ್ಲಿ ಆಕ್ಷೇಪಣೆಯ ಕಾರಣವನ್ನು ಆರಿಸಬೇಕಿತ್ತು: ಕೀ ಉತ್ತರ ತಪ್ಪು, ಒಂದಕ್ಕಿಂತ ಹೆಚ್ಚು ಉತ್ತರಗಳು ಸರಿ, ಪಠ್ಯಕ್ರಮದ ಹೊರಗಿನ ಪ್ರಶ್ನೆ. ಅನುವಾದ ತಪ್ಪಿದೆ ಎಂಬ ಕಾರಣಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ಬೇರೆ ದಾರಿಯಿಲ್ಲದೆ ‘ಕೀ ಉತ್ತರ ತಪ್ಪು’ ಎಂಬುದನ್ನೇ ಆರಿಸಿ, ವಿವರಣೆಯಲ್ಲಿ ಕನ್ನಡ ವಾಕ್ಯವನ್ನೂ ಇಂಗ್ಲಿಷ್ ವಾಕ್ಯವನ್ನೂ ಒಂದರ ಕೆಳಗೊಂದು ಬರೆದೆ. ಅಧಿಕೃತ ಆಧಾರ ಲಗತ್ತಿಸಬೇಕು ಎಂದಿತ್ತು. 73ನೇ ತಿದ್ದುಪಡಿಗೆ ಆಧಾರ ಕೊಡಬಹುದು. ‘ಅಲ್ಲ’ ಎಂಬ ಪದ ಇಲ್ಲವಾದರೆ ವಾಕ್ಯದ ಅರ್ಥ ತಿರುವುಮುರುವಾಗುತ್ತದೆ ಎಂಬುದಕ್ಕೆ ಯಾವ ಗ್ರಂಥದ ಆಧಾರ ಕೊಡಬೇಕು? ಕೊನೆಗೆ ಅವರದೇ ಪ್ರಶ್ನೆ ಪತ್ರಿಕೆಯ ಆ ಪುಟವನ್ನು ಲಗತ್ತಿಸಿದೆ.

ಅಂತಿಮ ಕೀ ಉತ್ತರಗಳಲ್ಲಿ ಎರಡು ಪ್ರಶ್ನೆಗಳನ್ನು ಕೈಬಿಟ್ಟು, ಬರೆದವರಿಗೆಲ್ಲ ಅವುಗಳ ಅಂಕ ಕೊಟ್ಟಿದ್ದರು. ಅವುಗಳಲ್ಲಿ ಒಂದು ನಾನು ಇಂಗ್ಲಿಷ್ ನೋಡಿ ಸರಿಯಾಗಿಯೇ ಬರೆದದ್ದಾಗಿತ್ತು. ಇನ್ನೊಂದಕ್ಕೆ ನಾನು ಆಕ್ಷೇಪಣೆಯನ್ನೇ ಸಲ್ಲಿಸಿರಲಿಲ್ಲ. ‘ಅಲ್ಲ’ ಇಲ್ಲದ 37ನೇ ಪ್ರಶ್ನೆ ಹಾಗೆಯೇ ಉಳಿಯಿತು. ತಿರಸ್ಕರಿಸಿದ್ದಕ್ಕೆ ಪ್ರತ್ಯೇಕ ಕಾರಣ ಕೊಡುವ ಪದ್ಧತಿ ಇಲ್ಲವೆಂದು ಕಚೇರಿಯಲ್ಲಿ ತಿಳಿಸಿದರು. ಮೊದಲ ಪುಟದ ಸೂಚನೆಯನ್ನು ಓದಿಕೊಳ್ಳುವಂತೆ ಹೇಳಿದರು. ಆಯ್ಕೆ ಪಟ್ಟಿ ಬಂದಾಗ ನನ್ನ ವರ್ಗದ ಕೊನೆಯ ಅಭ್ಯರ್ಥಿಗಿಂತ ನನಗೆ ಮೂರೂವರೆ ಅಂಕ ಕಡಿಮೆ ಇತ್ತು. ಅನುವಾದದಿಂದಾಗಿ ತಪ್ಪಿದ ನಾಲ್ಕು ಪ್ರಶ್ನೆಗಳಲ್ಲಿ ಎರಡು ಸರಿಯಾಗಿದ್ದರೂ ನನಗೆ ಐದು ಅಂಕ ಹೆಚ್ಚು ಬರುತ್ತಿತ್ತು. ಈ ಲೆಕ್ಕವನ್ನು ನಾನು ಎಷ್ಟು ಸಲ ಮಾಡಿದ್ದೇನೆಂದರೆ ಈಗ ಕಾಗದ ಬೇಕಾಗುವುದಿಲ್ಲ.

ಪಟ್ಟಿ ಬಂದ ವಾರದಲ್ಲೇ ಆ ಮಧ್ಯವರ್ತಿಯ ಕಡೆಯವರು, ‘ಯಾವ ಎರಡು ಪ್ರಶ್ನೆ ಕೈಬಿಡಬೇಕು ಅನ್ನೋದನ್ನ ನಾವ ಹೇಳಿಸಿದ್ದು’ ಎಂದು ಹೇಳಿಕೊಂಡು ತಿರುಗಿದರು. ಅದು ಸುಳ್ಳೇ ಇರಬೇಕು ಎಂದು ನಾನು ನಂಬುತ್ತೇನೆ. ಆದರೆ ಸುಳ್ಳು ಎಂದು ತೋರಿಸಲು ನಮ್ಮ ಯಾರ ಬಳಿಯೂ ಏನೂ ಇರಲಿಲ್ಲ. ಯಾವ ತಜ್ಞರು, ಯಾವ ಕಾರಣಕ್ಕೆ, ಯಾವ ಪ್ರಶ್ನೆಯನ್ನು ಬಿಟ್ಟರು ಎಂಬುದು ಹೊರಗೆ ಬಾರದೆ ಇರುವಾಗ, ಒಂದು ಪ್ರಶ್ನೆ ಬಿಟ್ಟರೆ ನೂರಾರು ಹೆಸರುಗಳು ಗೆರೆಯ ಈಚೆಯಿಂದ ಆಚೆಗೆ ಹೋಗುವಾಗ, ದಲ್ಲಾಳಿಯ ಮಾತಿಗೆ ಬೆಲೆ ಬಾರದೆ ಇರುತ್ತದೆಯೇ? ಭಾಷೆಯ ತಪ್ಪು ಒಂದು ಕಡೆ, ಲಂಚದ ವ್ಯವಹಾರ ಇನ್ನೊಂದು ಕಡೆ ಎಂದು ಅಲ್ಲಿಯವರೆಗೆ ನಾನು ತಿಳಿದಿದ್ದೆ. ಅನುವಾದದ ತಪ್ಪಿನಿಂದ ಕೃಪಾಂಕ, ಕೃಪಾಂಕದಿಂದ ಅನುಮಾನ, ಅನುಮಾನದಿಂದ ದಲ್ಲಾಳಿಗೆ ಗಿರಾಕಿ ಎಂಬ ಈ ಸರಪಳಿಯನ್ನು ಆ ವಾರ ಕಣ್ಣಾರೆ ಕಂಡೆ.

ಸರಪಳಿಯ ಇನ್ನೊಂದು ತುದಿಯನ್ನು ತೋರಿಸಿದವರು ಧಾರವಾಡದಲ್ಲೇ ಇರುವ ನಿವೃತ್ತ ಅಧ್ಯಾಪಕರೊಬ್ಬರು. ಹಿಂದೊಮ್ಮೆ ಬೇರೊಂದು ಪರೀಕ್ಷೆಗೆ ಅವರು ಅನುವಾದ ಮಾಡಿದ್ದರು ಎಂದು ತಿಳಿದು, ನನ್ನ ಹನ್ನೊಂದು ಪ್ರಶ್ನೆಗಳ ಪಟ್ಟಿ ಹಿಡಿದು ಅವರ ಮನೆಗೆ ಹೋದೆ. ಅವರು ಕನ್ನಡಕ ಹಾಕಿಕೊಂಡು ಪಟ್ಟಿಯನ್ನು ಎರಡು ಸಲ ಓದಿದರು. ‘ನೋಡು ತಂಗಿ, ಇವನ್ನು ಮಾಡಿದವರಿಗೆ ಕನ್ನಡ ಬರುವುದಿಲ್ಲ ಅಂತ ನಾನು ಹೇಳಲಾರೆ’ ಎಂದು ಶುರುಮಾಡಿದರು. ಅವರನ್ನು ಎರಡು ದಿನ ಒಂದು ಕೋಣೆಯಲ್ಲಿ ಕೂರಿಸಿದ್ದರಂತೆ. ಫೋನ್ ಹೊರಗೆ ಇಟ್ಟು ಹೋಗಬೇಕು, ಪದಕೋಶ ಒಯ್ಯುವಂತಿಲ್ಲ, ಅಂತರ್ಜಾಲವಿಲ್ಲ. ಅವರು ಇತಿಹಾಸದವರು, ಕೈಗೆ ಬಂದದ್ದರಲ್ಲಿ ಜೀವಶಾಸ್ತ್ರ, ಅರ್ಥಶಾಸ್ತ್ರ, ಮಾನಸಿಕ ಸಾಮರ್ಥ್ಯ ಎಲ್ಲವೂ ಇದ್ದವು. ಬರೆದುಕೊಟ್ಟ ಮೇಲೆ ಅದನ್ನು ಅವರು ಮತ್ತೆ ನೋಡಲಿಲ್ಲ, ಬೇರೆ ಯಾರಿಗೂ ತೋರಿಸುವುದಿಲ್ಲ ಎಂದೇ ಹೇಳಿದ್ದರು. ‘ಎರಡನೆಯವರು ನೋಡಿದರೆ ಸೋರಿಕೆ ಆದೀತು ಅಂತ ಅವರಿಗೆ ಭಯ. ನನ್ನ ತಪ್ಪನ್ನು ಹಿಡಿಯೋ ಎರಡನೇ ಕಣ್ಣೇ ಇರಲಿಲ್ಲ’ ಎಂದರು. ಕೊನೆಗೆ, ತಾವು ಮಾಡಿದ್ದರಲ್ಲೂ ಎರಡು ತಪ್ಪುಗಳಿದ್ದವೆಂದು ಆಮೇಲೆ ಪತ್ರಿಕೆಯಲ್ಲಿ ಓದಿ ತಿಳಿಯಿತು, ಆ ಮಕ್ಕಳು ಯಾರೋ ಎಂದು ಈಗಲೂ ಯೋಚನೆ ಬರುತ್ತದೆ ಎಂದು ಹೇಳಿ ಸುಮ್ಮನಾದರು. ಅವರ ಮನೆಯಿಂದ ಹೊರಡುವಾಗ ನನಗೆ ಸಿಟ್ಟು ಉಳಿದಿರಲಿಲ್ಲ. ಸಿಟ್ಟಿಗಿಂತ ಭಾರವಾದದ್ದೇನೋ ಇತ್ತು.

ಗೌಪ್ಯತೆ ಬೇಕು, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. 2021ರ ಜನವರಿಯಲ್ಲಿ ಪ್ರಥಮ ದರ್ಜೆ ಸಹಾಯಕರ ಪ್ರಶ್ನೆ ಪತ್ರಿಕೆ ಪರೀಕ್ಷೆಯ ಹಿಂದಿನ ದಿನವೇ ಸೋರಿಕೆಯಾಗಿ, ಇಡೀ ರಾಜ್ಯದ ಅಭ್ಯರ್ಥಿಗಳು ಬಸ್ ಹತ್ತಿದ ಮೇಲೆ ಪರೀಕ್ಷೆ ಮುಂದೂಡಿಕೆಯಾದದ್ದನ್ನು ನಾವು ಕಂಡಿದ್ದೇವೆ. ಆದರೆ ಪಿಎಸ್‌ಐ ಪ್ರಕರಣದಲ್ಲಿ ತಿದ್ದಿದ್ದು ಬರೆದು ಮುಗಿದ ಉತ್ತರ ಹಾಳೆಗಳನ್ನು; 2024ರ ನೀಟ್‌ನಲ್ಲಿ ಪತ್ರಿಕೆ ಹೊರಬಿದ್ದದ್ದು ಹಜಾರಿಬಾಗಿನ ಒಂದು ಪರೀಕ್ಷಾ ಕೇಂದ್ರದಿಂದ ಎಂದು ಸಿಬಿಐ ತನಿಖೆ ಹೇಳಿತು. ಬೀಗ ಗಟ್ಟಿಯಾಗಬೇಕಾದ ಕೋಣೆಗಳು ಅವು. ಕನ್ನಡದ ಪಾಠವನ್ನು ಇನ್ನೊಬ್ಬ ವಿಷಯ ತಜ್ಞರು, ಅದೇ ಕೋಣೆಯಲ್ಲಿ, ಅದೇ ಬಂದೋಬಸ್ತಿನಲ್ಲಿ ಕೂತು ಓದಿದರೆ ಯಾವ ಗೌಪ್ಯತೆ ಕೆಡುತ್ತದೆ? ಸರ್ಕಾರವೇ ಒಪ್ಪಿದ ಒಂದು ಪದಕೋಶವನ್ನು ಮೇಜಿನ ಮೇಲೆ ಇಟ್ಟರೆ ಏನು ಸೋರುತ್ತದೆ? ಅದಕ್ಕಿಂತ ಮೊದಲಿನ ಪ್ರಶ್ನೆಯೂ ಒಂದಿದೆ. ಕನ್ನಡವೇ ಆಡಳಿತ ಭಾಷೆಯಾಗಿರುವ, 1963ರಲ್ಲೇ ಅದಕ್ಕಾಗಿ ಕಾಯ್ದೆ ಮಾಡಿಕೊಂಡಿರುವ ರಾಜ್ಯದಲ್ಲಿ ಪ್ರಶ್ನೆಗಳನ್ನು ಕನ್ನಡದಲ್ಲೇ ಏಕೆ ರಚಿಸಬಾರದು? ಕೆಲಸಕ್ಕೆ ಸೇರಿದ ಮೇಲೆ ನಾವು ಟಿಪ್ಪಣಿ ಬರೆಯಬೇಕಾದದ್ದು ಕನ್ನಡದಲ್ಲಿ. ಅದಕ್ಕೆಂದೇ ನಮಗೆ 150 ಅಂಕಗಳ ಕಡ್ಡಾಯ ಕನ್ನಡ ಪರೀಕ್ಷೆ ಇತ್ತು, ಅದರಲ್ಲಿ ಕನಿಷ್ಠ 50 ಬಾರದಿದ್ದರೆ ಉಳಿದ ಅಂಕಗಳಿಗೆ ಬೆಲೆಯಿಲ್ಲ. ಅಭ್ಯರ್ಥಿಯ ಕನ್ನಡವನ್ನು ಅಳೆಯುವವರು ಪ್ರಶ್ನೆ ಪತ್ರಿಕೆಯ ಕನ್ನಡವನ್ನೂ ಯಾರಿಂದಲಾದರೂ ಅಳೆಯಿಸಬೇಕು.

2024ರ ಆಗಸ್ಟ್ 27ರಂದು ನಡೆದ ಕೆಎಎಸ್ ಪೂರ್ವಭಾವಿ ಪರೀಕ್ಷೆಯ ಅನುವಾದದ ತಪ್ಪುಗಳು ರಾಜ್ಯವ್ಯಾಪಿ ಸುದ್ದಿಯಾದಾಗ, ನನ್ನ ಪರೀಕ್ಷೆ ಮುಗಿದುಹೋಗಿತ್ತು. 384 ಹುದ್ದೆಗಳ ಆ ಪರೀಕ್ಷೆಯನ್ನು ಮತ್ತೆ ನಡೆಸುವಂತೆ ಮುಖ್ಯಮಂತ್ರಿಗಳು ಸೂಚಿಸಿದರು. ಡಿಸೆಂಬರ್ 29ರಂದು ಮರುಪರೀಕ್ಷೆಯೂ ಆಯಿತು, ಅದರಲ್ಲೂ ಅನುವಾದದ ದೂರುಗಳು ಎದ್ದವು. ಬೀದಿಗಿಳಿದ ಅಭ್ಯರ್ಥಿಗಳ ನಡುವೆ ನಾನೂ ಒಂದು ದಿನ ಧಾರವಾಡದಲ್ಲಿ ನಿಂತಿದ್ದೆ. ಪರೀಕ್ಷಾ ಅಕ್ರಮಕ್ಕೆ ಈಗ ಕಠಿಣ ಕಾನೂನುಗಳಿವೆ. ಕರ್ನಾಟಕದ 2023ರ ಕಾಯ್ದೆಯಲ್ಲಿ ಹನ್ನೆರಡು ವರ್ಷಗಳವರೆಗೆ ಸೆರೆವಾಸ, ಹತ್ತು ಕೋಟಿ ರೂಪಾಯಿಗಳವರೆಗೆ ದಂಡವಿದೆ. 2024ರ ಜೂನ್‌ನಲ್ಲಿ ಜಾರಿಗೆ ಬಂದ ಕೇಂದ್ರದ ಕಾಯ್ದೆಯಲ್ಲಿ ಸಂಘಟಿತ ಅಪರಾಧಕ್ಕೆ ಹತ್ತು ವರ್ಷಗಳವರೆಗೆ ಸೆರೆವಾಸ, ಒಂದು ಕೋಟಿಗೆ ಕಡಿಮೆಯಿಲ್ಲದ ದಂಡವಿದೆ. ಇವು ಬೇಕಾಗಿದ್ದವು. ಅನುವಾದದ ಅಜಾಗರೂಕತೆಗೆ ಸೆರೆವಾಸ ಆಗಲಿ ಎಂದು ನಾನು ಕೇಳುತ್ತಿಲ್ಲ. ಎರಡರಿಂದಲೂ ನನ್ನಂಥವರು ಕಳೆದುಕೊಳ್ಳುವುದು ಅದೇ ಒಂದು ಹುದ್ದೆಯನ್ನು. ಒಂದನ್ನು ಅನ್ಯಾಯವೆಂದು ಒಪ್ಪಿಕೊಂಡವರು ಇನ್ನೊಂದನ್ನು ‘ತಾಂತ್ರಿಕ ದೋಷ’ ಎಂದು ಕರೆದು ಮುಗಿಸಬಾರದು.

ನಡುವೆ ಕೇಂದ್ರ ಸರ್ಕಾರದ ಪರೀಕ್ಷೆಗಳ ಕಡೆಗೂ ನೋಡಿದೆ. ಎಂಟನೇ ಅನುಸೂಚಿಯ ಎಲ್ಲ ಭಾಷೆಗಳನ್ನೂ ಇಂಗ್ಲಿಷನ್ನೂ ಅಖಿಲ ಭಾರತ ಹಾಗೂ ಉನ್ನತ ಕೇಂದ್ರ ಸೇವೆಗಳ ಪರೀಕ್ಷೆಗಳಿಗೆ ಪರ್ಯಾಯ ಮಾಧ್ಯಮಗಳಾಗಿ ಅನುಮತಿಸಬೇಕು ಎಂದು ಸಂಸತ್ತಿನ ಎರಡೂ ಸದನಗಳು ಅಂಗೀಕರಿಸಿದ ನಿರ್ಣಯ 1968ರದ್ದು. ಅರ್ಧ ಶತಮಾನ ಕಳೆದರೂ ನಾಗರಿಕ ಸೇವೆಗಳ ಪೂರ್ವಭಾವಿ ಪರೀಕ್ಷೆಯ ಪ್ರಶ್ನೆ ಪತ್ರಿಕೆ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಮಾತ್ರ ಇದೆ. ಮುಖ್ಯ ಪರೀಕ್ಷೆಯಲ್ಲಿ ಕನ್ನಡದಲ್ಲಿ ಉತ್ತರಿಸಬಹುದು, ಆದರೆ ಪ್ರಶ್ನೆಗಳು ಕನ್ನಡದಲ್ಲಿ ಬರುವುದಿಲ್ಲ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆ 2024ರಿಂದ ಕನ್ನಡವೂ ಸೇರಿ ಹದಿಮೂರು ಪ್ರಾದೇಶಿಕ ಭಾಷೆಗಳಲ್ಲಿ ನಡೆಯುತ್ತಿದೆ. ಅದು ದೊಡ್ಡ ಹೆಜ್ಜೆ, ಅದನ್ನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಭಾಷೆಗಳ ಸಂಖ್ಯೆ ಹೆಚ್ಚಿದಷ್ಟೂ ಎರಡನೇ ಕಣ್ಣಿನ ಅಗತ್ಯವೂ ಅಷ್ಟೇ ಹೆಚ್ಚುತ್ತದೆ. ನಮ್ಮ ರಾಜ್ಯದಲ್ಲಿ ಎರಡು ಭಾಷೆಗಳ ನಡುವೆ ಆಗದ ಕೆಲಸ ಹದಿನೈದರ ನಡುವೆ ತಾನಾಗಿ ಆಗಿಬಿಡುತ್ತದೆ ಎಂದು ನಂಬುವುದು ಕಷ್ಟ.

ನನ್ನೊಡನೆ ಬರೆದ ಕೆಲವರು ಆಡಳಿತ ನ್ಯಾಯಮಂಡಳಿಯ ಮೊರೆ ಹೋದರು. ವಕೀಲರ ಶುಲ್ಕದಲ್ಲಿ ನನ್ನ ಪಾಲು ಕೊಡುವ ಶಕ್ತಿ ಇರಲಿಲ್ಲ, ಹಾಗಾಗಿ ನಾನು ಹತ್ತು ರೂಪಾಯಿಯ ದಾರಿ ಹಿಡಿದೆ. ಕರ್ನಾಟಕದಲ್ಲಿ ಮಾಹಿತಿ ಹಕ್ಕು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದಗಳನ್ನು ಮೀರಬಾರದು. ಆದ್ದರಿಂದ ಎರಡು ಅರ್ಜಿಗಳು, ಎರಡು ಪೋಸ್ಟಲ್ ಆರ್ಡರ್‌ಗಳು. ಮೊದಲನೆಯದರಲ್ಲಿ ನನ್ನ ಓಎಂಆರ್ ಹಾಳೆಯ ಪ್ರತಿ ಕೇಳಿದೆ. ಮೌಲ್ಯಮಾಪನವಾದ ಉತ್ತರ ಪತ್ರಿಕೆ ಅಭ್ಯರ್ಥಿಗೆ ಸಿಗಬೇಕಾದ ಮಾಹಿತಿ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿರುವುದರಿಂದ ಅದು ತಕರಾರಿಲ್ಲದೆ ಬಂತು. ಕಾರ್ಬನ್ ಪ್ರತಿಯನ್ನು ಪಕ್ಕಕ್ಕಿಟ್ಟು ಒಂದೊಂದೇ ವೃತ್ತವನ್ನು ಬೆರಳಿಟ್ಟು ನೋಡಿದೆ. ನೂರೂ ತಾಳೆಯಾದವು. ನನ್ನ ಹಾಳೆಯನ್ನು ಯಾರೂ ಮುಟ್ಟಿರಲಿಲ್ಲ. ಅಪ್ಪನಿಗೆ ಫೋನ್ ಮಾಡಿ ಅದನ್ನು ಹೇಳಿದೆ. ‘ಹಂಗಾದ್ರ ಮೋಸ ಆಗಿಲ್ಲೇನವಾ?’ ಎಂದು ಕೇಳಿದ. ಹೌದು ಎನ್ನಲೂ ಇಲ್ಲ ಎನ್ನಲೂ ನನಗೆ ಆಗಲಿಲ್ಲ.

ಎರಡನೆಯ ಅರ್ಜಿಗೆ ಬಂದ ಉತ್ತರ ಬೇರೆ ಬಗೆಯದು. ಅನುವಾದಕರ ಗುರುತು ಗೌಪ್ಯವಾದ್ದರಿಂದ, ಕಾಯ್ದೆಯ 8(1)(ಜಿ) ಪ್ರಕಾರ ಮಾಹಿತಿ ಕೊಡಲಾಗದು ಎಂದು ಬರೆದಿದ್ದರು. ಪರೀಕ್ಷಕರ ಹೆಸರುಗಳನ್ನು ಬಹಿರಂಗಪಡಿಸಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದ್ದೂ ಸರಿಯೇ, ಅದನ್ನು ನಾನು ಗೌರವಿಸುತ್ತೇನೆ. ಆದರೆ ನಾನು ಹೆಸರು ಕೇಳಿರಲಿಲ್ಲ. ಪ್ರಥಮ ಮೇಲ್ಮನವಿಯಲ್ಲಿ ಅದನ್ನೇ ಬಿಡಿಸಿ ಬರೆದೆ. ಅದೇ ಉತ್ತರ, ಅದೇ ವಾಕ್ಯಗಳಲ್ಲಿ, ಮತ್ತೊಮ್ಮೆ ಬಂತು. ತೊಂಬತ್ತು ದಿನಗಳೊಳಗೆ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ ಸಲ್ಲಿಸಿದ್ದೇನೆ, ಅದು ಸರದಿಯಲ್ಲಿದೆ.

ಅರ್ಜಿಯ ಪ್ರತಿ ಈಗ ನನ್ನ ಮೇಜಿನ ಮೇಲಿದೆ. 150 ಪದಗಳ ಮಿತಿಯಿದ್ದರೂ ನನಗೆ ಬೇಕಾದದ್ದು ಅದರ ಕಾಲುಭಾಗಕ್ಕೂ ಕಡಿಮೆ. ಇಂತಹ ಪರೀಕ್ಷೆಯ ಸಾಮಾನ್ಯ ಜ್ಞಾನ ಪತ್ರಿಕೆಯ ಕನ್ನಡ ಪಾಠ ಸಿದ್ಧವಾದ ಮೇಲೆ, ಅದು ಮುದ್ರಣಕ್ಕೆ ಹೋಗುವ ಮೊದಲು, ಅದನ್ನು ಮೂಲದೊಂದಿಗೆ ಹೋಲಿಸಿ ಬೇರೆ ಯಾರಾದರೂ ಓದಿದ್ದಾರೆಯೇ. ಓದಿದ್ದರೆ, ಯಾವ ದಿನಾಂಕದಂದು.